ಊಟ ಯಾವಾಗ ಹಾಕಿಸ್ತೀ?

ಮದುವೆಯಾಗದ ಹೆಣ್ಣುಮಗಳನ್ನು ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಊಟ ಯಾವಾಗ ಹಾಕಿಸ್ತೀಯಮ್ಮಾ?" ಕೇಳುವವರಿಗೇನೂ ಹಸಿವೆ ಇರುವುದಿಲ್ಲ. ನಾನು ಮೂವತ್ತು ವರ್ಷ ನಕ್ಕು ಸುಮ್ಮನಾದೆ. ಕೊನೆಗೆ ಕೇಳುವವರೇ ದಣಿದರು. ಆಮೇಲೆ, 2019ರಲ್ಲಿ, ದಕ್ಷಿಣ ಕೊರಿಯದ ಸುವಾನ್ ನಗರದಲ್ಲಿದ್ದ ತಮ್ಮನ ಮನೆಗೆ ಹೋದರೆ, ಅಲ್ಲೂ ಅದೇ ಪ್ರಶ್ನೆ!

ನನಗಲ್ಲ, ಪಕ್ಕದ ಮನೆಯಾಕೆಗೆ. ಮೂವತ್ತೆಂಟರ ಆಕೆ ಒಬ್ಬಳೇ ಇದ್ದಳು. ಅವರಲ್ಲಿ ಮದುವೆಯೂಟಕ್ಕೆ ನೂಡಲ್ಸ್ ಬಡಿಸುವ ವಾಡಿಕೆ; ಉದ್ದನೆಯ ಎಳೆ ದೀರ್ಘಾಯುಸ್ಸಿನ ಗುರುತು. ಹಾಗಾಗಿ, "ನೂಡಲ್ಸ್ ಯಾವಾಗ ತಿನ್ನಿಸ್ತೀ?" ಎಂದು ನೆಂಟರು ಕೇಳುತ್ತಾರಂತೆ. ಸುಗ್ಗಿಯ ಹಬ್ಬ ಚುಸೊಕ್ ಬಂತೆಂದರೆ ಊರಿಗೆ ಹೋಗಲು ಆಕೆಗೆ ಅಂಜಿಕೆ. ಹರುಕು ಇಂಗ್ಲಿಷಿನಲ್ಲಿ ಆಕೆ ಹೇಳಿದ್ದು ಕೇಳಿ ನನಗೆ ನಗು ಬಂತು. ಆಕೆ ನಗಲಿಲ್ಲ.

ಏಪ್ರಿಲ್ 14, ಭಾನುವಾರ. ಕಪ್ಪು ಅಂಗಿ ತೊಟ್ಟು ಬಂದು ಬಾಗಿಲು ತಟ್ಟಿದಳು. "ಒನ್ನಿ, ಇವತ್ತು ನಮ್ಮ ಹಬ್ಬ!" ಒನ್ನಿ ಎಂದರೆ ಅಲ್ಲಿ ಹೆಂಗಸರು ತಮಗಿಂತ ಹಿರಿಯಳನ್ನು ಕರೆಯುವ ಮಾತು, ನಮ್ಮ 'ಅಕ್ಕ'ನ ಹಾಗೆ. ಫೆಬ್ರವರಿ 14ಕ್ಕೆ ಹುಡುಗಿಯರು ಹುಡುಗರಿಗೆ ಚಾಕೊಲೇಟ್ ಕೊಡುತ್ತಾರೆ, ಮಾರ್ಚ್ 14ಕ್ಕೆ ಹುಡುಗರು ಹುಡುಗಿಯರಿಗೆ ಸಿಹಿ ಕೊಡುತ್ತಾರೆ. ಎರಡರಲ್ಲೂ ಪಾಲಿಲ್ಲದವರು ಏಪ್ರಿಲ್ 14ರಂದು ಕಪ್ಪು ನೂಡಲ್ಸ್ ತಿನ್ನುತ್ತಾರೆ. ಇದು 'ಬ್ಲ್ಯಾಕ್ ಡೇ'. ರಜೆಯೂ ಇಲ್ಲ, ಪುರಾಣವೂ ಇಲ್ಲ.

ಆ ತಿನಿಸಿನ ಹೆಸರು ಜಾಜಂಗ್‌ಮ್ಯೋನ್. ಶಾನ್‌ಡಾಂಗ್ ಕಡೆಯಿಂದ ಇಂಚಾನ್ ಬಂದರಿಗೆ ಬಂದು ನೆಲೆಸಿದ ಚೀನೀಯರು ನೂರು ವರ್ಷಕ್ಕೂ ಹಿಂದೆ ತಂದದ್ದು. ಹೋಟೆಲುಗಳಲ್ಲಿ ಅದಕ್ಕೆ ಹಂದಿಮಾಂಸ ಹಾಕುತ್ತಾರೆ. ನಾನು ಸಸ್ಯಾಹಾರಿ ಎಂದು ಆಕೆ ಮನೆಯಲ್ಲೇ ಮಾಡಿದಳು. ಸೋಯಾ ಹುದುಗಿಸಿದ ಕಪ್ಪು ಗೊಜ್ಜನ್ನು ಎಣ್ಣೆಯಲ್ಲಿ ಹುರಿದು, ಈರುಳ್ಳಿ, ಎಲೆಕೋಸು, ಆಲೂಗಡ್ಡೆ ಹಾಕಿ ಬೇಯಿಸಿ, ಗಂಜಿಹಿಟ್ಟು ಕದಡಿ ಗಟ್ಟಿ ಮಾಡಿ, ಬೆಂದ ಗೋಧಿ ಎಳೆಗಳ ಮೇಲೆ ಸುರಿದಳು. ನಂಚಿಕೊಳ್ಳಲು ಹಳದಿ ಮೂಲಂಗಿ ಉಪ್ಪಿನಕಾಯಿ. ಉಪ್ಪುಪ್ಪಾದ ಗೊಜ್ಜಿನಲ್ಲಿ ಸ್ವಲ್ಪ ಸಿಹಿ. ತುಟಿಯೆಲ್ಲ ಕಪ್ಪಾಗಿ ಇಬ್ಬರೂ ನಕ್ಕೆವು.

"ಪ್ರತಿ ವರ್ಷ ಯಾರ ಜೊತೆ ತಿಂತೀಯ?" ಎಂದೆ.

"ಯಾರಾದರೂ ಬಂದರೆ ಅವರ ಜೊತೆ. ಬರದಿದ್ದರೆ ಒಬ್ಬಳೇ. ನೂಡಲ್ಸ್ ಯಾವಾಗ ಅಂತ ಕೇಳ್ತಾರಲ್ಲ ಒನ್ನಿ, ನಾನೇ ಮಾಡಿ ನಾನೇ ತಿಂತೀನಿ."

ಆ ಮಾತು ನನಗೆ ಚುರುಕ್ಕೆಂದಿತು. ಅಮ್ಮ ಹೋದ ಮೇಲೆ ನಾನು ಹಬ್ಬವನ್ನೇ ಬಿಟ್ಟಿದ್ದೆ. ಒಬ್ಬಳಿಗೆಂಥ ಹಬ್ಬ ಎಂದು ಯುಗಾದಿಯಂದೂ ಮಜ್ಜಿಗೆ ಅನ್ನ ಉಂಡು ಮಲಗುತ್ತಿದ್ದೆ. ನನಗೆ ಬಡಿಸುವವರಿಲ್ಲ ಎಂದು ಕೊರಗುತ್ತಿದ್ದವಳು, ನನಗೆ ನಾನೇ ಬಡಿಸಿಕೊಳ್ಳಬಹುದೆಂದು ಯೋಚಿಸಿರಲೇ ಇಲ್ಲ.

ಮುಂದಿನ ಯುಗಾದಿ 2020ರ ಮಾರ್ಚ್ 25ಕ್ಕೆ ಬಂತು. ಅಂದೇ ದೇಶವೆಲ್ಲ ಲಾಕ್‌ಡೌನ್. ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ನಾನು ಒಂದು ಹಿಡಿ ಬೇಳೆ ಬೇಯಿಸಿ, ಹೂರಣ ರುಬ್ಬಿ, ನಾಲ್ಕು ಹೋಳಿಗೆ ತಟ್ಟಿದೆ. ಅಮ್ಮನ ಕಾಲದ ಬೆಳ್ಳಿ ತಟ್ಟೆ ತೊಳೆದು ಬಡಿಸಿಕೊಂಡೆ. ಮೊದಲ ತುತ್ತಿಗೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಎರಡನೆಯ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಕೊಂಡೆ.