ರಕ್ತದಲ್ಲೇ ಇದೆಯಾ ರೋಗ?

ಗೆಳೆಯರೇ, "ಅದು ಅವರ ರಕ್ತದಲ್ಲೇ ಬಂದಿರೋದು" ಅನ್ನೋ ಮಾತನ್ನ ನಾವು ಎಷ್ಟು ಸಲ ಕೇಳಿಲ್ಲ? ಜಾತಿಗೂ ಅದೇ ಮಾತು, ಈಗ ಕಾಯಿಲೆಗೂ ಅದೇ ಮಾತು.

ನಮ್ಮ ಭಾವ ಗಾರೆ ಕೆಲಸದವರು. ಬಿಪಿ ಇದೆ ಅಂತ ಗೊತ್ತಾಗುವ ಹೊತ್ತಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮೈಕೈ ನೋವಿಗೆ ವರ್ಷಗಟ್ಟಲೆ ನುಂಗಿದ ಮಾತ್ರೆಗಳೂ ಕಾರಣ ಇರಬಹುದು ಅಂದರು ಡಾಕ್ಟರು. ಈಗ ವಾರಕ್ಕೆ 2 ಸಲ ಡಯಾಲಿಸಿಸ್. ಅವರ ಮಗಳನ್ನ ನೋಡೋಕೆ ಬಂದಿದ್ದ ಗಂಡಿನ ಕಡೆಯವರು "ಅಪ್ಪನ ಕಾಯಿಲೆ ವಂಶಕ್ಕೇ ಬರುತ್ತೆ" ಅಂತ ಹಿಂದೆ ಸರಿದರು. ಕಿಡ್ನಿ ಕಾಯಿಲೆಯವರ ಜೀನ್ ಹಾಳಾಗಿರುತ್ತೆ ಅಂತ ಮೊಬೈಲಲ್ಲಿ ಬಂದದ್ದನ್ನ ತೋರಿಸಿದರು. ಬಂದವರು ಮೇಲ್ಜಾತಿಯವರಲ್ಲ. ನಮ್ಮವರೇ, ಮನೆಯಲ್ಲಿ ಬಾಬಾಸಾಹೇಬರ ಫೋಟೋ ಇಟ್ಟುಕೊಂಡವರೇ.

ಜೀನ್ ಹಾಳಾಗುತ್ತೆ ಅನ್ನೋದು ಸುಳ್ಳಲ್ಲ. ಆದರೆ ಯಾವುದರಿಂದ, ಎಲ್ಲಿ ಅಂತ ಕೇಳಬೇಕು. ಕಿಡ್ನಿ ಸೋಸಬೇಕಾದ ಕಸ ರಕ್ತದಲ್ಲೇ ಉಳಿದಾಗ ಜೀವಕೋಶದೊಳಗಿನ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಒಡೆದ ಚೂರು ಕೋಶಕೇಂದ್ರದ ಪಕ್ಕ ಪುಟ್ಟ ಚುಕ್ಕೆಯಾಗಿ ಕಾಣುತ್ತೆ. ಅದಕ್ಕೆ ಮೈಕ್ರೋನ್ಯೂಕ್ಲಿಯಸ್ ಅಂತಾರೆ. ಬಿಳಿ ರಕ್ತಕಣಗಳಲ್ಲಿ ಅದನ್ನ ಎಣಿಸಿ ಹಾನಿ ಎಷ್ಟು ಅಂತ ಅಳೀತಾರೆ. ಇದು ಕಾಯಿಲೆ ಮಾಡಿದ ಗಾಯ, ಕಾಯಿಲೆಯ ಬೀಜ ಅಲ್ಲ. ರಕ್ತಕಣದ ಗಾಯ ಮಕ್ಕಳಿಗೆ ಇಳಿಯಲ್ಲ. ಈ ಹುಡುಗಿ ಹುಟ್ಟಿದ್ದಂತೂ ಅಪ್ಪನ ಕಾಯಿಲೆ ಗೊತ್ತಾಗೋಕೆ 20 ವರ್ಷ ಮೊದಲು. ವಂಶದಲ್ಲಿ ಬರುವ ಕಿಡ್ನಿ ಕಾಯಿಲೆಗಳೂ ಇವೆ, ಪಾಲಿಸಿಸ್ಟಿಕ್ ಕಿಡ್ನಿ ಥರದ್ದು. ಅದು ಸ್ಕ್ಯಾನಿಂಗಲ್ಲಿ ಕಾಣುತ್ತೆ. ಭಾವನಿಗೆ ಅದಿಲ್ಲ ಅಂತ ರಿಪೋರ್ಟೇ ಇದೆ. ಆದರೆ ಆ ರಿಪೋರ್ಟ್ ಕೇಳಿದವರು ಯಾರು?

ಇನ್ನೊಂದು ಮಾತು. ದಿನಾ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ವಾರಕ್ಕೆ 3 ಸಲದವರಿಗಿಂತ ಈ ಗಾಯ ಕಡಿಮೆ ಅಂತ ಜರ್ಮನಿಯ ಸಂಶೋಧಕರು ಕಂಡುಕೊಂಡಿದ್ದಾರೆ. ಅಂದರೆ ಒಳಗಿನ ಗಾಯ ಎಷ್ಟು ಅನ್ನೋದು ಸಿಗುವ ಚಿಕಿತ್ಸೆಯ ಮೇಲೂ ನಿಂತಿದೆ. ನಮ್ಮವರಿಗೆ ಆ 3 ಸಲವೂ ದಕ್ಕಲ್ಲ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಪುಕ್ಕಟೆ, ನಿಜ. ಬಸ್ ಚಾರ್ಜು? ಜೊತೆಗೆ ಹೋಗುವ ಅಕ್ಕನ ಆ ದಿನದ ಕೂಲಿ? ಗುಮಾಸ್ತನಾಗಿ ನಾನು ನೌಕರರ ಮೆಡಿಕಲ್ ಬಿಲ್ಲುಗಳನ್ನ ನೋಡ್ತಾನೇ ಇರ್ತೀನಿ. ಅಲ್ಲಿ ಎಲ್ಲದಕ್ಕೂ ಕಾಲಂ ಇದೆ. ಕಳೆದುಹೋದ ಕೂಲಿಗೆ ಯಾವ ಫಾರಮ್ಮಲ್ಲೂ ಕಾಲಂ ಇಲ್ಲ.

ಜಾತಿ ರಕ್ತಶುದ್ಧಿಯನ್ನ ಕಾಪಾಡುತ್ತೆ ಅನ್ನೋ ವಾದವನ್ನ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತಳ್ಳಿಹಾಕಿದ್ದರು. ಆ ರಕ್ತದ ಮಾತನ್ನ ನಾವೇ ನಮ್ಮ ಹೆಣ್ಣುಮಕ್ಕಳ ಮೇಲೆ ಹೊರಿಸಿದರೆ ಅವರ ಫೋಟೋಗೆ ಹಾರ ಹಾಕಿ ಏನು ಬಂತು?

ಕೇರಿಕೇರಿಯಲ್ಲಿ ಬಿಪಿ, ಶುಗರ್ ತಪಾಸಣೆ ಆಗಲಿ. ಡಯಾಲಿಸಿಸ್‌ನವರಿಗೂ ಜೊತೆಗೆ ಹೋಗುವವರಿಗೂ ಬಸ್ ಪಾಸ್ ಸಿಗಲಿ, ಹೋದ ದಿನಕ್ಕೆ ಕೂಲಿ ಕೊಡಲಿ. ಇದನ್ನ ಮುಂದಿನ ಸಭೆಯಲ್ಲಿ ಬೇಡಿಕೆಯಾಗಿ ಇಡ್ತೀನಿ. ಜೊತೆಗಿರಿ.

ಜೈಭೀಮ್.