ಕೊಂಡಿಯೊಳಗಿನ ಸವೆತ

ರೋಡ್ ಬೈಕ್ ಕೊಂಡವರು ಮೊದಲು ಮನೆಗೆ ತರಬೇಕಾದ ಸಲಕರಣೆ ಸೈಕಲ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಪುಸ್ತಕದಂಗಡಿಯಲ್ಲಿ ಸಿಗುವಂಥದ್ದು: 12 ಇಂಚಿನ ಒಂದು ಸ್ಟೀಲ್ ಸ್ಕೇಲು. ಪೆಡಲನ್ನು ತುಸು ಒತ್ತಿಹಿಡಿದು ಚೈನನ್ನು ಬಿಗಿಯಾಗಿಸಿ, ಸ್ಕೇಲಿನ ಸೊನ್ನೆಯ ಗೆರೆಯನ್ನು ಒಂದು ಪಿನ್ನಿನ ನಟ್ಟನಡುವೆ ಇಟ್ಟು, ಅಲ್ಲಿಂದ 24 ಕೊಂಡಿ ಎಣಿಸಬೇಕು. ಚೈನು ಹೊಸದಾದರೆ 24ನೇ ಕೊಂಡಿಯ ಕೊನೆಯ ಪಿನ್ನು 12 ಇಂಚಿನ ಗೆರೆಯ ಮೇಲೆ ಕರಾರುವಾಕ್ಕಾಗಿ ಕೂರುತ್ತದೆ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಜಗತ್ತಿನ ಯಾವ ಕಂಪನಿಯ ಚೈನಾದರೂ, ಹಿಂದೆ ಎಂಟು ಗೇರಿರಲಿ ಹನ್ನೆರಡಿರಲಿ, ಈ ಅಳತೆ ಬದಲಾಗುವುದಿಲ್ಲ.

ಪಿನ್ನು ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ, ಬಡಗಿಯ ಲೆಕ್ಕದಲ್ಲಿ ಅರ್ಧ ನೂಲು, ಆಚೆ ಹೋಗಿದ್ದರೆ ಆ ಚೈನಿನ ಆಯುಷ್ಯ ಮುಗಿಯಿತು. ಒಂದು ನೂಲು ಆಚೆ ಹೋಗಿದ್ದರೆ ಚೈನಿನ ಜೊತೆಗೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ಟೂ, ಹೋಯಿತೆಂದೇ ಅರ್ಥ. ಈ ಎರಡು ಗೆರೆಗಳ ನಡುವಿನ ಅರ್ಧ ನೂಲಿನಲ್ಲಿ ಸಾವಿರಾರು ರೂಪಾಯಿ ಅಡಗಿದೆ. ಅಷ್ಟು ಸಣ್ಣ ಅಂತರವನ್ನು ಬರಿಗಣ್ಣು ಹಿಡಿಯಲಾರದು. ಸ್ಕೇಲು ಬೇಕಾಗುವುದು ಅದಕ್ಕೇ.

ಚೈನಿನ ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಮನುಷ್ಯನ ಕಾಲಿಗೆ ಆ ಶಕ್ತಿಯೂ ಇಲ್ಲ. ಚೈನು ಉದ್ದವಾಗುವುದು ಕೊಂಡಿಗಳ ಒಳಗೆ ನಡೆಯುವ ಸವೆತದಿಂದ. ಪಿನ್ನು ತನ್ನ ಸುತ್ತಲಿನ ಉಕ್ಕಿನ ಬಳೆಯೊಳಗೆ ಹೊರಳುತ್ತ ಹೊರಳುತ್ತ ಒಂದು ಮಗ್ಗುಲು ತೇಯುತ್ತದೆ, ಬಳೆಯೂ ತೇಯುತ್ತದೆ. ಶೇಕಡ ಅರ್ಧದಷ್ಟು ಸವೆತವೆಂದರೆ ಒಂದೊಂದು ಕೊಂಡಿಯಲ್ಲಿ ಆಗುವ ವ್ಯತ್ಯಾಸ ಸುಮಾರು 0.06 ಮಿಲಿಮೀಟರ್ ಮಾತ್ರ. ಆದರೆ ರೋಡ್ ಬೈಕಿನ ಚೈನಿನಲ್ಲಿ 110ರ ಆಸುಪಾಸು ಕೊಂಡಿಗಳಿರುತ್ತವೆ. ಎಲ್ಲ ಸೇರಿದಾಗ ಚೈನು 7 ಮಿಲಿಮೀಟರ್ ಉದ್ದವಾಗಿರುತ್ತದೆ.

ಈ ತೇಯ್ಮಾನ ಎಷ್ಟು ಸಲ ನಡೆಯುತ್ತದೆ ಎಂಬ ಲೆಕ್ಕ ಇನ್ನೂ ಬೆರಗಿನದು. ಮುಂದೆ 50 ಹಲ್ಲಿನ ಚೈನ್‌ರಿಂಗ್, ನಿಮಿಷಕ್ಕೆ 90 ಸುತ್ತು ಪೆಡಲ್ ಎಂದಿಟ್ಟುಕೊಂಡರೆ ಗಂಟೆಗೆ 5,400 ಸುತ್ತು. ಅಷ್ಟರಲ್ಲಿ ಪ್ರತಿಯೊಂದು ಕೊಂಡಿಯೂ ಸುಮಾರು 2,450 ಬಾರಿ ಪೂರ್ತಿ ಪ್ರದಕ್ಷಿಣೆ ಹಾಕಿರುತ್ತದೆ. ಪ್ರತಿ ಪ್ರದಕ್ಷಿಣೆಯಲ್ಲೂ ಕಾಲಿನ ಪೂರ್ತಿ ಬಲವನ್ನು ಹೊತ್ತು ಅದು ಎರಡು ಸಲ ಬಾಗಬೇಕು: ಕ್ಯಾಸೆಟ್ಟಿನ ಹಲ್ಲು ಬಿಡುವಾಗ ಒಮ್ಮೆ, ಚೈನ್‌ರಿಂಗಿನ ಹಲ್ಲು ಹಿಡಿಯುವಾಗ ಒಮ್ಮೆ. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ಬರುವ ನಾಲ್ಕು ಗಂಟೆಯಲ್ಲಿ ಒಂದೊಂದು ಪಿನ್ನೂ ಇಪ್ಪತ್ತು ಸಾವಿರದಷ್ಟು ಬಾರಿ ಹೊರೆ ಹೊತ್ತು ಹೊರಳುತ್ತದೆ. ಆ ಕಿಷ್ಕಿಂಧೆಯಲ್ಲಿ ಒಂದು ಮರಳಿನ ಕಣ ಸೇರಿಕೊಂಡರೆ ಸಾಕು, ಇಪ್ಪತ್ತು ಸಾವಿರ ಸಲ ಅರದಿಂದ ಉಜ್ಜಿದ ಹಾಗೆ.

ಇಂದಿನ ಚೈನಿನ ಮೂಲರೂಪ 1880ರದ್ದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ ರೂಪಿಸಿದ್ದು. ಅದಕ್ಕೂ ಮುಂಚಿನ ಚೈನುಗಳಲ್ಲಿ ಪಿನ್ನು ತೆಳು ತಗಡಿನ ಅಂಚಿಗೆ ಉಜ್ಜುತ್ತಿತ್ತು, ಬೇಗ ಕೊರೆದುಹೋಗುತ್ತಿತ್ತು. ರೆನಾಲ್ಡ್ ಪಿನ್ನಿನ ಸುತ್ತ ಒಂದು ಬುಶ್, ಬುಶ್ಶಿನ ಮೇಲೆ ಉರುಳುವ ರೋಲರ್ ಕೂರಿಸಿ, ಉಜ್ಜುವ ಜಾಗವನ್ನೇ ಅಗಲ ಮಾಡಿಬಿಟ್ಟರು. ಗೇರ್ ಸೈಕಲ್ಲಿನ ಈಗಿನ ಚೈನಿನಲ್ಲಿ ಬೇರೆಯಾದ ಬುಶ್ ಇಲ್ಲ. ಒಳತಗಡಿನ ಅಂಚನ್ನೇ ಕೊರಳಿನಂತೆ ಎಬ್ಬಿಸಿ ಆ ಕೆಲಸ ಮಾಡಿಸಿದ್ದಾರೆ. ಇದರಿಂದ ಚೈನು ಪಕ್ಕಕ್ಕೆ ಚೆನ್ನಾಗಿ ಬಳುಕುತ್ತದೆ, ಎಣ್ಣೆ ಸುಲಭವಾಗಿ ಒಳಗಿಳಿಯುತ್ತದೆ. ಎಣ್ಣೆ ಇಳಿಯುವ ದಾರಿಯಲ್ಲಿ ಧೂಳೂ ಇಳಿಯುತ್ತದೆ.

1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು ಸೈಕಲ್ ಚೈನನ್ನು ಪ್ರಯೋಗಾಲಯದಲ್ಲಿ ಓಡಿಸಿ, ಎಲ್ಲಿ ಎಷ್ಟು ಬಿಸಿಯಾಗುತ್ತದೆಂದು ಅವಕೆಂಪು ಕ್ಯಾಮೆರಾದಿಂದ ನೋಡಿದರು. ಒಳ್ಳೆಯ ಸ್ಥಿತಿಯಲ್ಲಿ ಕಾಲು ಕೊಟ್ಟ ಶಕ್ತಿಯ ಶೇಕಡ 98.6ರಷ್ಟು ಹಿಂದಿನ ಚಕ್ರ ತಲುಪುತ್ತಿತ್ತು. ಯಂತ್ರಗಳ ಲೋಕದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಇನ್ನೂ ಕುತೂಹಲದ ಸಂಗತಿ, ಎಣ್ಣೆ ಹಾಕಿದರೂ ಬಿಟ್ಟರೂ ಅವರ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಎಣ್ಣೆಯೇ ಬೇಡವೇ ಎಂದು ಕೇಳುವವರಿದ್ದಾರೆ. ಪ್ರಯೋಗಾಲಯ ಶುಭ್ರವಾಗಿತ್ತು, ಚೈನು ಹೊಸದಾಗಿತ್ತು. ಬಳ್ಳಾರಿ ರಸ್ತೆಯಲ್ಲಿ ಜಲ್ಲಿ ಲಾರಿಗಳ ಹಿಂದೆ ಓಡುವ ಚೈನಿಗೆ ಆ ಭಾಗ್ಯವಿಲ್ಲ. ಅಲ್ಲಿ ಎಣ್ಣೆಯ ಕೆಲಸ ವೇಗ ಹೆಚ್ಚಿಸುವುದಕ್ಕಿಂತ ಸವೆತ ತಡೆಯುವುದು, ತುಕ್ಕು ತಡೆಯುವುದು.

ಆದ್ದರಿಂದಲೇ ಎಣ್ಣೆ ಹೆಚ್ಚಾದರೂ ಕೇಡು. ಹೊರಮೈಯಲ್ಲಿ ಜಿಡ್ಡು ತೊಟ್ಟಿಕ್ಕುವ ಚೈನು ರಸ್ತೆಯ ಧೂಳನ್ನೆಲ್ಲ ಮೆತ್ತಿಕೊಂಡು ಕಪ್ಪು ಮಸಿಯ ಮುದ್ದೆಯಾಗುತ್ತದೆ. ಬಲ್ಲ ಮೆಕ್ಯಾನಿಕ್ಕುಗಳು ಮಾಡುವುದು ಹೀಗೆ: ಚೈನನ್ನು ಸೀಮೆಎಣ್ಣೆಯಲ್ಲೋ ಡಿಗ್ರೀಸರಿನಲ್ಲೋ ತೊಳೆದು ಚೆನ್ನಾಗಿ ಒಣಗಿಸಿ, ಒಂದೊಂದು ರೋಲರಿಗೂ ಒಂದೊಂದೇ ತೊಟ್ಟು ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಒಳಗಿಳಿಯಲು ಬಿಟ್ಟು, ಆಮೇಲೆ ಹೊರಗಿನ ಎಣ್ಣೆಯನ್ನೆಲ್ಲ ಹಳೆ ಬಟ್ಟೆಯಿಂದ ಒರೆಸಿ ತೆಗೆಯುತ್ತಾರೆ. ಈ ಕೊನೆಯ ಒರೆಸುವಿಕೆಯೇ ಮುಖ್ಯ, ಬಹಳ ಮಂದಿ ಬಿಡುವುದೂ ಅದನ್ನೇ. ಈಚೆಗೆ ಎಣ್ಣೆಯನ್ನೇ ಬಿಟ್ಟು, ಕರಗಿಸಿದ ಮೇಣದಲ್ಲಿ ಚೈನನ್ನು ಅದ್ದುವವರು ಹೆಚ್ಚುತ್ತಿದ್ದಾರೆ. ಆರಿದ ಮೇಣಕ್ಕೆ ಧೂಳು ಅಂಟುವುದಿಲ್ಲ, ಮುಟ್ಟಿದರೆ ಕೈಗೆ ಮಸಿಯೂ ಹತ್ತುವುದಿಲ್ಲ. ಮಳೆಯಲ್ಲಿ ಮಾತ್ರ ಅದು ಬೇಗ ಕೈಕೊಡುತ್ತದೆ.

ಸವೆದ ಚೈನನ್ನು ಹಾಗೆಯೇ ಓಡಿಸಿದರೆ ಉದ್ದವಾದ ಕೊಂಡಿಗಳು ಹಲ್ಲುಗಳ ಮೇಲೆ ಮೇಲೆ ಏರಿ ಕೂತು, ಕ್ಯಾಸೆಟ್ಟಿನ ಹಲ್ಲನ್ನೂ ತಮ್ಮ ಅಳತೆಗೆ ತೇಯ್ದುಕೊಳ್ಳುತ್ತವೆ. ಆಗ ಹಳೆ ಚೈನು, ಹಳೆ ಹಲ್ಲು ಒಂದಕ್ಕೊಂದು ಹೊಂದಿಕೊಂಡು ಸದ್ದಿಲ್ಲದೆ ಓಡುತ್ತಲೇ ಇರುತ್ತವೆ. ಸವಾರನಿಗೆ ಏನೂ ತಿಳಿಯುವುದಿಲ್ಲ. ತಿಳಿಯುವುದು ಹೊಸ ಚೈನು ಹಾಕಿದ ದಿನ: ಏರಿನಲ್ಲಿ ಎದ್ದುನಿಂತು ತುಳಿದಾಗ ಚೈನು ಹಲ್ಲು ಬಿಟ್ಟು ಧಡಕ್ಕನೆ ಜಾರುತ್ತದೆ. ಅಗ್ಗದ ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಒಂದೇ ಕ್ಯಾಸೆಟ್ಟು ಎರಡು ಮೂರು ಚೈನುಗಳ ಕಾಲ ಬಾಳುತ್ತದೆ. ಎರಡು ಚೈನುಗಳನ್ನು ಸರದಿಯ ಮೇಲೆ ಹಾಕಿ ತೆಗೆಯುವ ಶಿಸ್ತಿನವರೂ ಇದ್ದಾರೆ. ಅವರ ಸೈಕಲ್ಲುಗಳು ಬಹುಕಾಲ ಬಾಳುವುದನ್ನು ನೋಡಿದರೆ ಆ ಶ್ರಮ ಸಾರ್ಥಕವೆನಿಸುತ್ತದೆ.

ಟೈರು ಕಣ್ಣಿಗೆ ಕಾಣುವಂತೆ ಸವೆಯುತ್ತದೆ, ಅಷ್ಟರಮಟ್ಟಿಗೆ ಪ್ರಾಮಾಣಿಕ. ಗುಂಡಗಿದ್ದ ಮೈ ನಡುವೆ ಚಪ್ಪಟೆಯಾಗುತ್ತದೆ, ಕೆಲವು ಕಂಪನಿಗಳ ಟೈರಿನಲ್ಲಿ ಗುರುತಿಗೆಂದೇ ಬಿಟ್ಟ ಸಣ್ಣ ಕುಳಿಗಳು ಮಾಯವಾಗುತ್ತವೆ, ಕೊನೆಗೆ ಒಳಗಿನ ನೂಲು ಇಣುಕುತ್ತದೆ. ಸವಾರನ ಭಾರ ಹೆಚ್ಚು ಬೀಳುವುದು ಹಿಂದಿನ ಚಕ್ರದ ಮೇಲೆ, ತುಳಿತದ ಬಲವೂ ಅಲ್ಲೇ; ಹಾಗಾಗಿ ಹಿಂದಿನದೇ ಮೊದಲು ಹೋಗುತ್ತದೆ. ಸವೆದ ಆ ಟೈರನ್ನು ಮುಂದಕ್ಕೆ ಹಾಕಿ ಮುಂದಿನದನ್ನು ಹಿಂದಕ್ಕೆ ಹಾಕುವುದು ಉಳಿತಾಯದಂತೆ ಕಂಡರೂ ಅಪಾಯದ ಕೆಲಸ. ಹಿಂದಿನ ಟೈರು ಜಾರಿದರೆ ಸೈಕಲ್ಲನ್ನು ಹತೋಟಿಗೆ ತಂದುಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಒಳ್ಳೆಯ ಟೈರು ಯಾವಾಗಲೂ ಮುಂದಿರಬೇಕು. ಹೆದ್ದಾರಿಯ ಅಂಚಿನಲ್ಲಿ ಓಡಿಸುವವರು ಮನೆಗೆ ಬಂದಮೇಲೆ ಟೈರಿನ ಮೇಲೊಮ್ಮೆ ಬಟ್ಟೆ ಆಡಿಸಿ ನೋಡುವುದೊಳ್ಳೆಯದು. ಸಿಡಿದ ಲಾರಿ ಟೈರುಗಳಿಂದ ಉದುರಿದ ಕೂದಲೆಳೆಯಂಥ ತಂತಿಯ ಚೂರುಗಳು ನಮ್ಮ ರಸ್ತೆಗಳ ಪಂಕ್ಚರಿಗೆ ದೊಡ್ಡ ಕಾರಣ. ಅವು ಕಣ್ಣಿಗೆ ಬೀಳದಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತವೆ.

ಬ್ರೇಕಿನ ವಿಷಯ ಇಷ್ಟು ಸರಳವಲ್ಲ. ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ರಬ್ಬರು ಸವೆಯುವುದು ಎಲ್ಲರಿಗೂ ಗೊತ್ತು. ರಬ್ಬರು ಉಜ್ಜುವ ಅಲ್ಯುಮಿನಿಯಂ ರಿಮ್ಮೂ ಸವೆಯುತ್ತದೆ ಎಂಬುದು ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಮಳೆಗಾಲದಲ್ಲಿ ಆಗುಂಬೆಯಂಥ ಘಾಟಿ ಇಳಿಯುವಾಗ ಕೆಮ್ಮಣ್ಣು, ನೀರು, ರಬ್ಬರಿನ ಪುಡಿ ಕಲಸಿ ಉಪ್ಪುಕಾಗದದಂಥ ಪೇಸ್ಟಾಗುತ್ತದೆ. ಒಂದೇ ಇಳಿತದಲ್ಲಿ ರಬ್ಬರಿನ ಮೈಯಲ್ಲಿ ಅಲ್ಯುಮಿನಿಯಂ ಸಿಬಿರುಗಳು ಚುಚ್ಚಿಕೊಂಡು ಕೂರುತ್ತವೆ. ಮುಂದಿನ ಸಲ ಬ್ರೇಕು ಹಿಡಿದಾಗ ರಿಮ್ಮನ್ನು ಗೀರುವುದು ಆ ಸಿಬಿರುಗಳೇ. ಪಿನ್ನಿನ ಮೊನೆಯಿಂದ ಅವನ್ನು ಕಿತ್ತು, ರಬ್ಬರಿನ ಮುಖವನ್ನು ಸ್ವಲ್ಪ ಉಜ್ಜಿದರೆ ರಿಮ್ಮಿನ ಆಯುಷ್ಯ ಹೆಚ್ಚುತ್ತದೆ. ಬಹಳ ರಿಮ್ಮುಗಳ ಪಕ್ಕದಲ್ಲಿ ಸಣ್ಣದೊಂದು ಗೀರೋ ಚುಕ್ಕಿಯಂಥ ಕುಳಿಯೋ ಇರುತ್ತದೆ. ಅದು ಅಳಿಸಿಹೋದರೆ ಗೋಡೆ ತೆಳುವಾಯಿತೆಂದು ಲೆಕ್ಕ. ಅಂಥ ಗೋಡೆಯ ಹಿಂದೆ ಟೈರಿನ ಗಾಳಿಯ ಒತ್ತಡ ಹೊರಮುಖವಾಗಿ ತಳ್ಳುತ್ತಲೇ ಇರುತ್ತದೆ. ನಂದಿಬೆಟ್ಟದ ಇಳಿಜಾರಿನಲ್ಲಿ ರಿಮ್ಮು ಬಾಯಿಬಿಟ್ಟರೆ ಸವಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಡಿಸ್ಕ್ ಬ್ರೇಕಿನವರಿಗೆ ರಿಮ್ಮಿನ ಚಿಂತೆಯಿಲ್ಲ. ಆದರೆ ಪ್ಯಾಡು ಹಿಡಿಯುವ ಬಿಲ್ಲೆಯೂ ಸವೆಯುತ್ತದೆ: ಶಿಮಾನೊ ಕಂಪನಿಯದು ಹೊಸದಿದ್ದಾಗ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ಬದಲಿಸಬೇಕು. ಪ್ಯಾಡಿನ ಮೇಲಿನ ಪದರ ಅರ್ಧ ಮಿಲಿಮೀಟರಿಗಿಂತ ತೆಳ್ಳಗಾಗಬಾರದು.

ಎಲ್ಲಕ್ಕಿಂತ ಕಳ್ಳ ಸವೆತ ಗೇರಿನ ಕೇಬಲ್ಲಿನದು. ಅದು 1.2 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ, ಒಳಗೆ ಸಣ್ಣ ಸಣ್ಣ ಎಳೆಗಳ ಹುರಿ. ಲಿವರಿನ ಹೊಟ್ಟೆಯೊಳಗೆ ಅದು ಬಹಳ ಇಕ್ಕಟ್ಟಿನ ತಿರುವು ತೆಗೆದುಕೊಳ್ಳುತ್ತದೆ, ಗೇರು ಬದಲಿಸಿದಾಗಲೆಲ್ಲ ಅಲ್ಲೇ ಬಾಗುತ್ತದೆ. ಎಳೆಗಳು ಒಂದೊಂದಾಗಿ ಕಡಿಯುತ್ತವೆ, ಹೊರಗಿನಿಂದ ನೋಡಿದರೆ ಕೇಬಲ್ಲು ಫಳಫಳ ಹೊಳೆಯುತ್ತಿರುತ್ತದೆ. ಸೂಚನೆ ಸಿಗುವುದು ಬೇರೆ ರೀತಿಯಲ್ಲಿ: ಹಿಂದಿನ ಗೇರು ಹಿಂಜರಿಯತೊಡಗುತ್ತದೆ, ಮೊನ್ನೆಯಷ್ಟೇ ಸರಿಮಾಡಿಸಿದ್ದು ಇವತ್ತು ಮತ್ತೆ ತಪ್ಪುತ್ತದೆ. ಆಗ ಗೇರು ಬದಲಿಸುವ ಡಿರೇಲರಿನ ಸ್ಕ್ರೂ ತಿರುಗಿಸುತ್ತ ಕೂರದೆ ಲಿವರಿನ ರಬ್ಬರು ಸರಿಸಿ ಕೇಬಲ್ಲಿನ ತಲೆಯ ಹತ್ತಿರ ಇಣುಕಬೇಕು. ಬಿಟ್ಟರೆ ಒಂದು ದಿನ ಪೂರ್ತಿ ಕಡಿದು, ಚೈನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಬಿದ್ದು ಅಲ್ಲೇ ನಿಲ್ಲುತ್ತದೆ. ಏರುಗಳನ್ನೆಲ್ಲ ಅದೊಂದೇ ಭಾರದ ಗೇರಿನಲ್ಲಿ ತುಳಿದುಕೊಂಡು ಊರು ಸೇರಬೇಕು. ಕಡಿದ ತಲೆ ಲಿವರಿನೊಳಗೆ ಸಿಕ್ಕಿಕೊಂಡರೆ ಅದನ್ನು ಹೊರತೆಗೆಯುವುದೇ ಅರ್ಧ ದಿನದ ಕೆಲಸ.

ಕಡ್ಡಿಗಳದ್ದು ಇನ್ನೊಂದು ಬಗೆ. ಅವು ಸವೆಯುವುದಿಲ್ಲ, ದಣಿಯುತ್ತವೆ. ಚಕ್ರ ಒಂದು ಸುತ್ತು ಬಂದಾಗ ಕೆಳಗೆ ಬಂದ ಕಡ್ಡಿಯ ಬಿಗಿ ಕ್ಷಣಕಾಲ ಕಡಿಮೆಯಾಗಿ ಮತ್ತೆ ಏರುತ್ತದೆ. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ನೂರು ಕಿಲೋಮೀಟರ್ ಓಡಿದರೆ ಒಂದೊಂದು ಕಡ್ಡಿಯೂ 47 ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಸಡಿಲಿ ಬಿಗಿಯುತ್ತದೆ. ಹಬ್ಬಿನ ಹತ್ತಿರ, ಕಡ್ಡಿಯ ಮೊಣಕೈಯಂಥ ಬಾಗಿನಲ್ಲಿ, ಲೋಹ ಒಳಗೊಳಗೇ ಬಿರುಕು ಬಿಟ್ಟು ಒಂದು ದಿನ ಟಣ್ಣೆಂದು ಮುರಿಯುತ್ತದೆ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಚಕ್ರದ ಮೇಲೆಯೇ ಒಂದು ಪುಸ್ತಕ ಬರೆದು ಈ ದಣಿವನ್ನು ವಿವರಿಸಿದರು. ಚಕ್ರ ಕಟ್ಟಿದ ಮೇಲೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಡಿದು ಬಲವಾಗಿ ಹಿಸುಕಿದರೆ ಬಾಗಿನಲ್ಲಿ ಉಳಿದ ಒತ್ತಡ ಇಳಿದು ಕಡ್ಡಿಯ ಆಯುಷ್ಯ ಹೆಚ್ಚುತ್ತದೆಂದು ಹೇಳಿಕೊಟ್ಟರು. ಬೀದಿಯ ಹಳೆ ಸೈಕಲ್ ಶಾಪಿನಲ್ಲಿ ಬೆಂಡ್ ತೆಗೆಯುವ ಕೈಗಳಿಗೆ ಕಡ್ಡಿ ಮೀಟಿ ಸದ್ದಿನಿಂದಲೇ ಬಿಗಿ ತಿಳಿಯುವ ವಿದ್ಯೆ ಇಂದಿಗೂ ಇದೆ. ಲಕ್ಷದ ಸೈಕಲ್ಲಿನವರು ಆ ಅಂಗಡಿಗಳನ್ನು ಕಡೆಗಣಿಸುವುದು ತಪ್ಪು.

ಮುರಿದ ಲೋಹ ಎಂಥ ಬೆಲೆ ಕೇಳುತ್ತದೆಂಬುದಕ್ಕೆ ಫ್ರಾನ್ಸಿನ ಯೂಜಿನ್ ಕ್ರಿಸ್ಟೋಫ್ ಅವರ ಕತೆ ಸಾಕು. 1913ರ ಟೂರ್ ದ ಫ್ರಾನ್ಸ್‌ನಲ್ಲಿ ತೂರ್ಮಾಲೆ ಘಾಟಿ ಇಳಿಯುವಾಗ ಅವರ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಬೇರೆಯವರ ಸಹಾಯ ಪಡೆಯಕೂಡದೆಂಬುದು ಆಗಿನ ನಿಯಮ. ಸೈಕಲ್ಲು ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಸಾಂತ್ ಮರಿ ದ ಕಾಂಪಾಂ ಎಂಬ ಹಳ್ಳಿಯ ಕುಲುಮೆಯಲ್ಲಿ ತಾವೇ ಫೋರ್ಕು ಬೆಸೆದರು. ಪಂದ್ಯದ ಅಧಿಕಾರಿಗಳು ಎದುರಿಗೇ ನಿಂತಿದ್ದರು. ತಿದಿ ಒತ್ತಿದ್ದು ಒಬ್ಬ ಹುಡುಗ. ಅಷ್ಟಕ್ಕೂ ದಂಡ ಬಿತ್ತು. 1919ರಲ್ಲಿ, ಪಂದ್ಯದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿ ಅವರ ಮೈಮೇಲಿದ್ದಾಗಲೇ, ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಇದ್ದಾಗ, ಫೋರ್ಕು ಮತ್ತೆ ಮುರಿಯಿತು.

ಹೊರಗಿನ ಸಹಾಯ ಕೂಡದೆಂಬ ಆ ಕಟ್ಟುನಿಟ್ಟಿನ ನೆರಳು ಇವತ್ತಿನ ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ಉಳಿದಿದೆ. ಕರ್ನಾಟಕದ ರಸ್ತೆಗಳಲ್ಲೂ ನಡೆಯುವ ಈ ಸವಾರಿಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕು. ನಿಗದಿತ ತಾಣಗಳಲ್ಲಿ ಹೊರತು ದಾರಿಯಲ್ಲಿ ಯಾರ ವಾಹನವೂ ಹಿಂದೆ ಬರುವಂತಿಲ್ಲ. ಹೊರಡುವ ವಾರ ಅನುಭವಿಗಳು ಹೊಸ ಭಾಗ ಏನನ್ನೂ ಹಾಕುವುದಿಲ್ಲ. ಬದಲಿಸಬೇಕಾದ್ದನ್ನು ಎರಡು ವಾರ ಮೊದಲೇ ಬದಲಿಸಿ, ಒಂದೆರಡು ಸುತ್ತು ಓಡಿಸಿ ಪಳಗಿಸಿರುತ್ತಾರೆ. ಚೀಲದಲ್ಲಿ ಒಂದು ಚೈನ್ ಕೊಂಡಿ, ಒಂದು ಗೇರ್ ಕೇಬಲ್ಲು, ಕಡ್ಡಿ ಕೀಲಿ ಇದ್ದೇ ಇರುತ್ತವೆ.

ವಿಜಯಪುರ, ಬಾಗಲಕೋಟೆ ಸೀಮೆಯ ಕತೆ ಬೇರೆ. ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಿಗೆ ಸವಾರರನ್ನು ಕೊಡುತ್ತ ಬಂದ ನೆಲ ಅದು. ಬಹಳಷ್ಟು ಮಕ್ಕಳು ರೈತರ ಮನೆಯವರು. ಅಂಥ ಮನೆಗೆ ಮೊದಲ ರೋಡ್ ಬೈಕು ಸೆಕೆಂಡ್ ಹ್ಯಾಂಡಾಗಿಯೇ ಬರುವುದು ಸಹಜ. ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬಾರದು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಟ್ಟನಡುವೆ ಟಕ್ಕೆಂದು ಸಿಕ್ಕಿಕೊಂಡರೆ ಹೆಡ್‌ಸೆಟ್ ಬೇರಿಂಗು ಹೋಗಿದೆ. ಹ್ಯಾಂಡಲಿನ ಟೇಪು ಹಳೆಯದಾಗಿದ್ದರೆ ಬಿಚ್ಚಿಸಿ ನೋಡಬೇಕು; ಬೆವರಿನ ಉಪ್ಪು ಕೆಳಗಿನ ಅಲ್ಯುಮಿನಿಯಮ್ಮನ್ನು ತಿಂದು ಬಿಳಿ ಪುಡಿ ಎಬ್ಬಿಸಿದ್ದರೆ ಆ ಹ್ಯಾಂಡಲು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಚೈನು ಮಾತ್ರ ಹೊಸದಾಗಿ ಮಿರುಗುತ್ತಿದ್ದರೆ ಇನ್ನೂ ಎಚ್ಚರ ಬೇಕು. ಹತ್ತಿರದ ಯಾವುದಾದರೂ ಏರಿಗೆ ಒಯ್ದು, ನಡುವಿನ ಗೇರುಗಳಲ್ಲಿ ಒಂದೊಂದಾಗಿ ಎದ್ದುನಿಂತು ತುಳಿಯಬೇಕು. ಎಲ್ಲಾದರೂ ಚೈನು ಹಲ್ಲು ಜಾರಿದರೆ, ಹೊಸ ಕ್ಯಾಸೆಟ್ಟಿನ ಬೆಲೆ ಎಷ್ಟೆಂದು ಕೇಳಿಕೊಂಡು ಬಂದು, ಅಷ್ಟನ್ನು ಕಳೆದು ಚೌಕಾಸಿಗೆ ಇಳಿಯಬೇಕು.