ಅಣ್ಣನ ಎಂಜಿನ್, ಅಣ್ಣನ ಚೀಟಿ

ಗೋರ್ಟಾ (ಬಿ) ಎಂಬ ಊರಿನ ಹೆಸರಿನಲ್ಲಿ ಆವರಣದೊಳಗೆ ಕುಳಿತಿರುವ ‘ಬಿ’ ಬುಜುರ್ಗ್ ಎಂಬುದರ ಸಂಕ್ಷೇಪ; ಹಿರಿಯದು ಎಂದರ್ಥ. ಕಿರಿಯದಕ್ಕೆ ಖುರ್ದ್. ಬೀದರ ಸೀಮೆಯ ಎಷ್ಟೋ ಊರುಗಳು ಪಾರಸಿಯ ಈ ಬಾಲಾಕ್ಷರಗಳನ್ನು ಇಂದಿಗೂ ಹೊತ್ತುಕೊಂಡಿವೆ. ಇತಿಹಾಸದ ವಿದ್ಯಾರ್ಥಿಗಳಿಗೆ ಗೋರ್ಟಾ ಎಂದೊಡನೆ ನೆನಪಾಗುವುದು 1948ರ ಮೇ ತಿಂಗಳಿನ ರಜಾಕಾರರ ದಾಳಿ. ಆ ವಿಷಯವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಆ ಊರಿನಲ್ಲಿರುವ ನಮ್ಮಣ್ಣನ ಮನೆಯ ಅಟ್ಟದಿಂದ ಇಳಿದುಬಂದ ಒಂದು ಆಟದ ರೈಲು ಎಂಜಿನ್ನು ನನ್ನನ್ನು ತಿದ್ದಿದ ಪ್ರಸಂಗವನ್ನಷ್ಟೇ ಬರೆಯುತ್ತಿದ್ದೇನೆ.

ಅಣ್ಣ ಶಾಲಾ ಶಿಕ್ಷಕನಾಗಿದ್ದವನು. ನಮ್ಮ ಬಾಲ್ಯದಲ್ಲಿ ರೈಲು ನೋಡಬೇಕಾದರೆ ಬೀದರಿಗೆ ಹೋಗಬೇಕಿತ್ತು. ಪುಣೆಯ ಕೊಥ್ರೂಡಿನಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಕಿರು ರೈಲುಗಳ ಸಂಗ್ರಹಾಲಯವನ್ನು ಕಂಡುಬಂದ ಮೇಲೆ ಅವನಿಗೆ ಈ ಗೀಳು ಹತ್ತಿತು. ಯಾರೋ ಬಳಸಿ ಬಿಟ್ಟಿದ್ದ ವಿದೇಶೀ ಡೀಸೆಲ್ ಎಂಜಿನ್ನೊಂದನ್ನು ಕೊಂಡು ತಂದ. ಅದು ನಿಜದ ಎಂಜಿನ್ನಿನ ಎಂಬತ್ತೇಳನೆಯ ಒಂದು ಭಾಗದಷ್ಟು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. (ನಮ್ಮ 1676 ಮಿಲಿಮೀಟರಿನ ಬ್ರಾಡ್‌ಗೇಜನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ 19 ಮಿಲಿಮೀಟರಿಗೂ ತುಸು ಹೆಚ್ಚೇ ಆಗುತ್ತದೆ. ಭಾರತದ ರೈಲನ್ನು ಆ ಹಳಿಯ ಮೇಲೆ ಓಡಿಸುವುದೇ ಅಪಪಾಠ ಎಂದು ಅಣ್ಣನೇ ನಗುತ್ತಿದ್ದ.) 2017ರ ಅಕ್ಟೋಬರ್ 29ರಂದು ಬೀದರ–ಕಲಬುರಗಿ ಮಾರ್ಗ ಉದ್ಘಾಟನೆಯಾದ ಮರುವರ್ಷ ಹಲಗೆಯೊಂದರ ಮೇಲೆ ಕುದುರೆಲಾಳದ ಆಕಾರದಲ್ಲಿ ಹಳಿ ಹೂಡಿದ. ಎಡತುದಿಗೆ ಬೀದರ, ಬಲತುದಿಗೆ ಕಲಬುರಗಿ, ತಿರುವಿನಲ್ಲಿ ಹುಮನಾಬಾದ.

ಕೆಲವು ವರ್ಷಗಳ ಬಳಿಕ ನಾನು ಆ ಹಲಗೆಯನ್ನು ಮೊದಲ ಸಲ ಕಂಡಾಗ ಎಂಜಿನ್ನು ಆಗಲೇ ನಿಂತುಹೋಗಿತ್ತು. ನಿಯಂತ್ರಕದ ಗುಂಡಿಯ ಬಳಿ ಅಣ್ಣ ಎರಡು ಚೀಟಿ ಅಂಟಿಸಿದ್ದ. ಎಡಕ್ಕೆ ತೋರುವ ಅಚ್ಚಿನ ಬಾಣದ ಕೆಳಗೆ ‘ಕಲಬುರಗಿ’, ಬಲಕ್ಕೆ ತೋರುವ ಬಾಣದ ಕೆಳಗೆ ‘ಬೀದರ’. ಹಲಗೆಯ ಮೇಲೆ ಊರುಗಳಿರುವುದು ಇದಕ್ಕೆ ತದ್ವಿರುದ್ಧವಾಗಿ. ಅದೇ ಸಂಜೆ ಅವನ ಮಗನೊಡನೆ, ‘ಅಣ್ಣನಿಗೆ ಎಡಬಲದ ಗುರುತು ತಪ್ಪುತ್ತಿದೆ, ಯಾರಾದರೂ ವೈದ್ಯರಿಗೆ ತೋರಿಸು’ ಎಂದೆ. ಹಲಗೆ, ಎಂಜಿನ್ನು ಎರಡೂ ಅಟ್ಟ ಸೇರಿದವು. ಮರೆವು ಅವನಿಗೆ ಮುಂದೆ ನಿಜವಾಗಿಯೂ ಬಂತು. ಅದರ ಮೊದಲ ಲಕ್ಷಣ ಯಾವುದು ಎಂದು ಕೇಳಿದವರಿಗೆಲ್ಲ ನಾನು ಈ ಚೀಟಿಯ ಕಥೆಯನ್ನೇ ಹೇಳುತ್ತಿದ್ದೆ.

ಅಣ್ಣ ತೀರಿಕೊಂಡ ಮೇಲೆ ಅವನ ಮೊಮ್ಮಗಳು ಎಂಜಿನ್ನು ಓಡಬೇಕೆಂದು ಹಟ ಹಿಡಿದಳು. ದುರಸ್ತಿಯವನೊಬ್ಬ ಮೋಟಾರು ಸುಟ್ಟಿದೆ ಎಂದು ಬಿಚ್ಚಿ ನೋಡದೆಯೇ ತೀರ್ಪು ಕೊಟ್ಟಿದ್ದ. ನಾನು ತಳದ ತಿರುಪುಗಳನ್ನು ಕಳಚಿ, ಮೇಲ್ಕವಚ ಎತ್ತಿ, ಮೋಟಾರಿನ ಎರಡು ಬ್ರಷ್‌ಗಳ ಕಿವಿಗಳಿಗೆ ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ನೇರವಾಗಿ ತಾಗಿಸಿದೆ. ಮೋಟಾರು ಗುಂಯ್ಯೆಂದು ತಿರುಗಿತು. ಅಲ್ಲಿಗೆ ದೋಷ ಇರಬಹುದಾದದ್ದು ಹಳಿಯಿಂದ ಮೋಟಾರಿನವರೆಗಿನ ದಾರಿಯಲ್ಲಿ. ಆ ದಾರಿ ಚಿಕ್ಕದು. ಹಳಿಯ ವಿದ್ಯುತ್ತು ಗಾಲಿಗೆ ಬರುತ್ತದೆ. ಗಾಲಿಯ ಬೆನ್ನಿಗೆ ಒರಗಿದ ತೆಳು ಕಂಚಿನ ಪಟ್ಟಿ ಅದನ್ನು ಎತ್ತಿಕೊಳ್ಳುತ್ತದೆ. ಪಟ್ಟಿಯಿಂದ ಒಂದು ತಂತಿ ಬ್ರಷ್‌ಗೆ ಹೋಗುತ್ತದೆ. ಬಲಹಳಿಗೆ ಒಂದು, ಎಡಹಳಿಗೆ ಒಂದು. ಮಲ್ಟಿಮೀಟರಿನ ಮೊನೆಗಳನ್ನು ಗಾಲಿಗೂ ಪಟ್ಟಿಗೂ ಇಟ್ಟೆ, ಸದ್ದು ಬಂತು. ಬಲಪಟ್ಟಿಗೂ ಬ್ರಷ್‌ಗೂ ಇಟ್ಟೆ, ಮೌನ. ಕಣ್ಣಿಗೆ ತಂತಿ ಅಖಂಡವಾಗಿತ್ತು. ಚಿಮಟದಿಂದ ಮೆಲ್ಲನೆ ಎಳೆದಾಗ ಹೊದಿಕೆ ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರ ಬೆಸುಗೆಯ ಅಂಚಿನಲ್ಲಿಯೇ ತುಂಡಾಗಿತ್ತು.

ತಂತಿಗಳು ಕಾರ್ಖಾನೆಯವಲ್ಲ. ಹಿಂದೊಮ್ಮೆ ಕಡಿದಾಗ ಅಣ್ಣ ದೂರವಾಣಿ ಕೇಬಲ್ಲಿನೊಳಗಿನ ತಂತಿಗಳನ್ನು ಹಾಕಿದ್ದ. ಒಂದು ನೀಲಿ, ಇನ್ನೊಂದು ಬಿಳಿಯ ಮೇಲೆ ನೀಲಿ ಗೀಟಿನದು. ಅವು ಒಂಟಿ ಎಳೆಯ ತಾಮ್ರ. ಹುಮನಾಬಾದಿನ ತಿರುವಿನಲ್ಲಿ ಬೋಗಿ ಹೊರಳಿದಾಗಲೆಲ್ಲ ತಂತಿಯೂ ಬಾಗುತ್ತದೆ. ಬಾಗಿ ಬಾಗಿ ತಾಮ್ರ ಪೆಡಸಾಗಿ, ಬೆಸುಗೆಯ ಬಿಗಿ ಮುಗಿದು ಬಳುಕು ಶುರುವಾಗುವ ಗೆರೆಯಲ್ಲಿ ಮುರಿಯುತ್ತದೆ. ಬೋಗಿಗೆ ಬೇಕಾದದ್ದು ಕೂದಲಿನಂಥ ಹಲವು ಎಳೆಗಳ ತಂತಿ.

ಎರಡನ್ನೂ ಬದಲಿಸಲು ನಿರ್ಧರಿಸಿದೆ. ಬೆಸುಗೆಯ ಕಿವಿಗಳ ಸುತ್ತ ಪ್ಲಾಸ್ಟಿಕ್ಕು ಆಗಲೇ ಕರಗಿ ಸೊಟ್ಟಗಾಗಿತ್ತು, ಬ್ರಷ್ ತುದಿಯಲ್ಲೂ ಪಟ್ಟಿಯ ತುದಿಯಲ್ಲೂ. ಇನ್ನೊಮ್ಮೆ ಕಾಯಿಸಿದರೆ ಕಿವಿಯೇ ಕಿತ್ತುಬರುವ ಸ್ಥಿತಿ. ಆದ್ದರಿಂದ ಅಣ್ಣನ ಬೆಸುಗೆಗಳನ್ನು ಮುಟ್ಟದೆ, ನಾಲ್ಕೂ ಕಡೆ ಒಂದೊಂದು ಸಣ್ಣ ಮೋಟು ಉಳಿಸಿ ನಡುವಣ ತಂತಿಯನ್ನು ಕತ್ತರಿಸಿದೆ. ಕಾವು ಒಳಕ್ಕೆ ಹರಿಯದಂತೆ ಮೋಟಿನ ಬುಡವನ್ನು ಚಿಮಟದಿಂದ ಕಚ್ಚಿಹಿಡಿದು ಹೊಸ ತಂತಿ ಬೆಸೆದು, ಕಾಯಿಸಿದರೆ ಕುಗ್ಗುವ ಕೊಳವೆ ತೊಡಿಸಿದೆ. ಬಲಪಟ್ಟಿಯ ತಂತಿಯನ್ನು ಮೋಟಾರಿನಲ್ಲಿ ಕೆಂಪು ಚುಕ್ಕೆಯಿದ್ದ ಕಿವಿಗೆ ಕೊಟ್ಟೆ. ಬಲಹಳಿಗೆ ಧನ ವಿದ್ಯುತ್ತು ಬಂದರೆ ಎಂಜಿನ್ನು ಮುಂದಕ್ಕೆ ಚಲಿಸಬೇಕೆಂಬುದು ಎರಡು ಹಳಿಗಳ ಪದ್ಧತಿಯ ಸಂಪ್ರದಾಯ. ಕತ್ತರಿಸುವ ಮೊದಲು ಯಾವುದು ಎಲ್ಲಿಗೆ ಸೇರಿತ್ತೆಂದು ಬರೆದಿಟ್ಟುಕೊಳ್ಳಲಿಲ್ಲ. ಪ್ರತಿಯ ಸ್ಥಿತಿಯನ್ನು ದಾಖಲಿಸದೆ ಪರಿಷ್ಕರಣಕ್ಕೆ ಕೈಹಾಕಬಾರದೆಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನೇ.

ಗುಂಡಿ ತಿರುಗಿಸಿದಾಗ ಎಂಜಿನ್ನು ಓಡಿತು. ಎಡಬಾಣಕ್ಕೆ ಎಡಕ್ಕೆ, ಬೀದರಿಗೆ. ಬಲಬಾಣಕ್ಕೆ ಬಲಕ್ಕೆ, ಕಲಬುರಗಿಗೆ. ಅಚ್ಚಿನ ಬಾಣ ಸರಿ, ಚೀಟಿ ತಪ್ಪು. ನನ್ನ ಹಳೆಯ ಊಹೆ ಸ್ಥಿರಪಟ್ಟಿತೆಂದು ಚೀಟಿ ಕೀಳಲು ಉಗುರು ಹಾಕಿದೆ. ಮೊಮ್ಮಗಳು ತಡೆದು, ‘ಅಜ್ಜ ಬರೆದದ್ದು, ಬೇಡ’ ಎಂದಳು. ಎಂಜಿನ್ನನ್ನು ತಿರುಗಿಸಿಟ್ಟು ನೋಡೋಣವೆಂದು ಸೂಚಿಸಿದವಳೂ ಅವಳೇ. ತಿರುಗಿಸಿಟ್ಟರೂ ಫಲ ಒಂದೇ: ಹಾಗಿಟ್ಟಾಗ ಬಲಗಾಲಿ ಇನ್ನೊಂದು ಹಳಿಗೆ ಬರುವುದರಿಂದ ಎಂಜಿನ್ನು ಹಿಮ್ಮುಖವಾಗಿ ಅದೇ ದಿಕ್ಕಿಗೆ ಓಡುತ್ತದೆ. ಆದರೆ ಅವಳಿಗಾಗಿ ಕವಚವನ್ನು ಮತ್ತೆ ಎತ್ತಿದಾಗ ನಾಲ್ಕು ಮೋಟುಗಳ ಬಣ್ಣ ಕಣ್ಣಿಗೆ ಬಿತ್ತು. ಬಲಪಟ್ಟಿಯಲ್ಲಿ ನೀಲಿ. ಕೆಂಪು ಚುಕ್ಕೆಯ ಕಿವಿಯಲ್ಲಿ ಬಿಳಿ-ನೀಲಿ. ಅಣ್ಣನ ಕೈಯಲ್ಲಿ ತಂತಿಗಳು ಅದಲುಬದಲಾಗಿದ್ದವು. ಅವನ ಎಂಜಿನ್ನು ಓಡುತ್ತಿದ್ದಾಗ ಎಡಬಾಣಕ್ಕೆ ಕಲಬುರಗಿಗೇ ಹೋಗುತ್ತಿತ್ತು. ಚೀಟಿ ಬರೆದವನು ಎಡಬಲ ಮರೆತವನಲ್ಲ. ಎಂಜಿನ್ನು ಮಾಡುತ್ತಿದ್ದುದನ್ನು ನೋಡಿ, ಕಂಡಂತೆ ದಾಖಲಿಸಿದವನು.

ಅವನೇಕೆ ತಂತಿಗಳನ್ನು ಮರಳಿ ಅದಲಿಸಲಿಲ್ಲ? ಕರಗಿದ ಪ್ಲಾಸ್ಟಿಕ್ಕೇ ಉತ್ತರವಿರಬೇಕು. ಮತ್ತೆ ಕಾಯಿಸಿ ಎಂಜಿನ್ನನ್ನೇ ಕಳೆದುಕೊಳ್ಳುವುದಕ್ಕಿಂತ ಎರಡು ಚೀಟಿ ಅಂಟಿಸುವುದು ಲೇಸೆಂದು ಕಂಡಿತೇನೋ. ನಿಯಂತ್ರಕದಿಂದ ಹಳಿಗೆ ಬರುವ ಪ್ಲಗ್ಗು ಒಂದೇ ಬಗೆಯಲ್ಲಿ ಕೂರುವಂಥದು. ಅದರ ತಂತಿಗಳನ್ನು ಕತ್ತರಿಸಿ ಬದಲಿಸಬಹುದಿತ್ತು. ಕೆಡದಿರುವುದನ್ನು ಕತ್ತರಿಸುವ ಅಭ್ಯಾಸ ಅವನಿಗಿರಲಿಲ್ಲ. ಓಲೆಗರಿಯಲ್ಲಿ ಬಿಟ್ಟುಹೋದ ಅಕ್ಷರವನ್ನು ಲಿಪಿಕಾರ ಹಂಸಪಾದವಿಟ್ಟು ಅಂಚಿನಲ್ಲಿ ತೋರಿಸುತ್ತಾನಲ್ಲ, ಆ ಜಾತಿಯ ಚೀಟಿ ಇದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಾಠ ಹೇಳಿದ ನನಗೆ ಪಠ್ಯವೇ ಮೂಕವಾಗಿದ್ದಾಗ ಅಂಚಿನ ಟಿಪ್ಪಣಿಯನ್ನು ದೋಷವೆಂದು ತೀರ್ಮಾನಿಸಲು ಒಂದು ಸಂಜೆ ಸಾಕಾಗಿತ್ತು.

ಕೊಳವೆ ಸೀಳಿ ಹೊಸ ತಂತಿಗಳನ್ನು ಬಿಚ್ಚಿ, ನೀಲಿಗೆ ನೀಲಿ, ಬಿಳಿ-ನೀಲಿಗೆ ಬಿಳಿ-ನೀಲಿ ಎಂದು ಬೆಸೆದೆ. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಮೊಮ್ಮಗಳು ಎಡಬಾಣದತ್ತ ಗುಂಡಿ ತಿರುಗಿಸಿದಳು. ಎಂಜಿನ್ನು ಹುಮನಾಬಾದಿನ ತಿರುವು ದಾಟಿ ಕಲಬುರಗಿಯಲ್ಲಿ ನಿಂತಿತು. ಮರುದಿನ ಅಣ್ಣನ ಮಗನಿಗೆ ದೂರವಾಣಿ ಮಾಡಿ ಚೀಟಿ ಸರಿಯಾಗಿತ್ತೆಂದು ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ ಆಗಲೇ ಹೇಳಿದ್ದರು, ಚೀಟಿ ನೋಡಿಯೇ ತಿರುಗಿಸಬೇಕು ಅಂತ’ ಎಂದ.